ಹೋದ ವಾರದ ಚಿತ್ರ

ಇತಿಹಾಸದ ಸಾಕ್ಷ್ಯಚಿತ್ರಗಳಲ್ಲಿ ನೋಡಲೇಬೇಕಾದವು ಯಾವುವು ಎಂದು ನನ್ನನ್ನು ಆಗಾಗ ಕೇಳುತ್ತಾರೆ. ಒಂದು ಕಾಲಕ್ಕೆ ಅಂಥ ಚಿತ್ರಗಳ ಡಬ್ಬಿ ಹೊತ್ತು ಊರೂರು ಅಲೆದವನು, ಒಳ್ಳೆಯ ಪಟ್ಟಿ ಕೊಟ್ಟಾನು ಎಂದು ಅವರ ಆಸೆ. ನಾನು ಪಟ್ಟಿ ಕೊಡುವುದಿಲ್ಲ. ಎಲ್ಲವನ್ನೂ ನೋಡಿ, ರಾಜರನ್ನು ನೋಡಿ, ಯುದ್ಧ ನೋಡಿ, ಆದರೆ ಒಂದು ಸಲ ಧ್ವನಿಯನ್ನು ಪೂರ್ತಿ ಇಳಿಸಿ ನೋಡಿ ಎನ್ನುತ್ತೇನೆ. ಮುದುಕನಿಗೆ ಅರಳುಮರಳು ಎಂದು ನಗುತ್ತಾರೆ. ನಗಲಿ, ನನಗೇನೂ ಬೇಜಾರಿಲ್ಲ. ಪರದೆಯ ಮೇಲೆ ಓಡಾಡುವವನಿಂದ ಅಷ್ಟು ಅಪಾಯವಿಲ್ಲ, ಪಕ್ಕದಲ್ಲಿ ನಿಂತು ವಿವರಿಸುವವನಿಂದಲೇ ಅಪಾಯ. ಹಾಗೆ ಪಕ್ಕದಲ್ಲಿ ನಿಂತು ವಿವರಿಸುತ್ತಿದ್ದವನು ನಾನು.

ನಮ್ಮದು ಹಾಸನದ ಪೇಟೆಯಲ್ಲಿ ಬೆಲ್ಲ, ಕೊಬ್ಬರಿಯ ಅಂಗಡಿ. ಹಣೆತುಂಬ ವಿಭೂತಿ ಹಚ್ಚಿಕೊಂಡು ತಕ್ಕಡಿಯ ಮುಂದೆ ಕೂರಬೇಕಾದ ಮಗ, ಗಂಟಲು ಹರಿದುಕೊಂಡು ಟೆಂಟಿನಲ್ಲಿ ಕಥೆ ಹೇಳಲು ಹೋದನೆಂದು ನಮ್ಮಪ್ಪನಿಗೆ ಸಾಯುವ ತನಕ ನನ್ನ ಮೇಲೆ ಸಿಟ್ಟಿತ್ತು. ಮೂವತ್ತರ ದಶಕದ ಮೊದಲಲ್ಲಿ ಹೊಳೆನರಸೀಪುರದ ಬಯಲಿಗೆ ಬೇಸಿಗೆಯಲ್ಲಿ ಒಂದು ಟೆಂಟು ಸಿನಿಮಾ ಬರುತ್ತಿತ್ತು. ಆಗಿನ್ನೂ ಮೂಕಿ ಚಿತ್ರಗಳ ಕಾಲ. ಪರದೆಯ ಪಕ್ಕ ಒಬ್ಬ ನಿಂತು, ಇಗೋ ರಾಕ್ಷಸ ಬಂದ, ಇಗೋ ರಾಜಕುಮಾರಿಯನ್ನು ಹೊತ್ತೊಯ್ದ ಎಂದು ಕೂಗಿ ಹೇಳಬೇಕು. ಆ ಕೆಲಸ ನನಗೆ ಸಿಕ್ಕಿತು. ನನ್ನ ಗಂಟಲು ದೊಡ್ಡದು, ಸಾಲದ್ದಕ್ಕೆ ಇದ್ದದ್ದಕ್ಕೆ ಒಂದಿಷ್ಟು ಸೇರಿಸಿ ಹೇಳುವ ಚಾಳಿಯೂ ಇತ್ತು. ಮಾತಾಡುವ ಚಿತ್ರಗಳು ಬಂದ ಮೇಲೆ ನನ್ನ ಬಾಯಿಗೆ ಕೆಲಸವಿಲ್ಲವಾಯಿತು. ಮತ್ತೆ ಅಂಗಡಿಗೆ ಬಂದು ಬೆಲ್ಲದ ಮೇಲಿನ ನೊಣ ಓಡಿಸುತ್ತ ಕೂತೆ.

ಯುದ್ಧ ಶುರುವಾದ ಮೇಲೆ ನನಗೆ ಮತ್ತೆ ದೆಸೆ ತಿರುಗಿತು. ಹಳ್ಳಿಹಳ್ಳಿಗೆ ಹೋಗಿ ಯುದ್ಧದ ಚಿತ್ರ ತೋರಿಸಲು ಒಂದು ವ್ಯಾನು ಹಾಸನಕ್ಕೆ ಬಂತು. ಚಿತ್ರದೊಳಗಿನ ಮಾತೆಲ್ಲ ಇಂಗ್ಲಿಷು, ನಮ್ಮ ಜನಕ್ಕೆ ಅದು ಯಾತಕ್ಕೂ ಬಾರದು. ಆದ್ದರಿಂದ ಆ ಧ್ವನಿಯನ್ನು ನಿಲ್ಲಿಸಿ, ಕನ್ನಡದಲ್ಲಿ ಮೈಕು ಹಿಡಿದು ಹೇಳುವವನೊಬ್ಬ ಬೇಕಾಗಿತ್ತು. ಓದಿಕೊಂಡಿದ್ದ ಅಷ್ಟಿಷ್ಟು ಇಂಗ್ಲಿಷು, ಟೆಂಟಿನಲ್ಲಿ ಪಳಗಿದ ಗಂಟಲು, ಎರಡೂ ಸೇರಿ ನನ್ನನ್ನು ಸರ್ಕಾರಿ ಮನುಷ್ಯನನ್ನಾಗಿ ಮಾಡಿದವು. ವ್ಯಾನಿನಲ್ಲಿ ಇಬ್ಬರೇ ಇದ್ದೆವು. ವ್ಯಾನು ಓಡಿಸುವುದು, ಯಂತ್ರ ತಿರುಗಿಸುವುದು ಎರಡನ್ನೂ ಮಾಡುತ್ತಿದ್ದವನು ಒಬ್ಬ ನಡುವಯಸ್ಸಿನ ಆಪರೇಟರು. ಅವನ ಬಾಯಿಂದ ಮಾತು ಹೊರಡುತ್ತಿದ್ದುದೇ ಅಪರೂಪ. ಮಾತಿನ ಭಾಗವೆಲ್ಲ ನನ್ನದು.

ಚಿತ್ರದ ರೀಲುಗಳು ತಗಡಿನ ಡಬ್ಬಿಗಳಲ್ಲಿ ರೈಲಿನಲ್ಲಿ ಬರುತ್ತಿದ್ದವು. ಅವು ಎಲ್ಲೆಲ್ಲಿ ಸುತ್ತಿ, ಯಾವ್ಯಾವ ಜಿಲ್ಲೆಯಲ್ಲಿ ಗೀಚು ಬಿದ್ದು ನಮ್ಮ ಕೈಗೆ ಬರುತ್ತಿದ್ದವೋ ದೇವರಿಗೇ ಗೊತ್ತು. ಡಬ್ಬಿಯ ಮೇಲೊಂದು ಚೀಟಿ ಅಂಟಿಸಿರುತ್ತಿದ್ದರು, ಅದರಲ್ಲಿ ಚಿತ್ರ ತೆಗೆದ ತಿಂಗಳು ಇರುತ್ತಿತ್ತು. ಆರು ತಿಂಗಳು, ಎಂಟು ತಿಂಗಳು, ಕೆಲವು ವರ್ಷಕ್ಕೂ ಹಿಂದಿನವು. ನಮ್ಮ ಮೇಲಿನ ಅಧಿಕಾರಿಯೊಬ್ಬರು ಮೊದಲ ದಿನವೇ ನನ್ನನ್ನು ಕರೆದು ಬುದ್ಧಿ ಹೇಳಿದರು. ಹಳೇ ಸುದ್ದಿ ಎಂದರೆ ಜನ ಎದ್ದು ಹೋಗುತ್ತಾರೆ, ಯಾವ ರೀಲು ಹಾಕಿದರೂ ‘ಇದು ಹೋದ ವಾರದ ಚಿತ್ರ’ ಎಂದೇ ಶುರು ಮಾಡು ಎಂದರು. ನನಗದು ದೊಡ್ಡ ಸುಳ್ಳೆಂದು ಅನಿಸಲಿಲ್ಲ. ಟೆಂಟಿನಲ್ಲಿ ರಾಕ್ಷಸನಿಗೆ ಇಲ್ಲದ ಮಾತೆಲ್ಲ ಆಡಿಸಿದವನಿಗೆ ಒಂದು ವಾರ ಎಷ್ಟರ ಮಾತು?

ಹೋದ ವಾರದ್ದಲ್ಲ ಎಂದು ನಾನೇ ಹೇಳುತ್ತಿದ್ದ ರೀಲು ಒಂದೇ. ತೀರಿಕೊಂಡಿದ್ದ ನಮ್ಮ ಮಹಾರಾಜರು ದಸರೆಯಲ್ಲಿ ಆನೆಯ ಮೇಲೆ ಬರುವ ಚಿತ್ರ ಅದು. ಅವರು ಹೋದದ್ದು ಸೀಮೆಗೆಲ್ಲ ಗೊತ್ತು, ಅಲ್ಲಿ ಬುರುಡೆ ನಡೆಯುವುದಿಲ್ಲ. ಇದು ಹಳೆಯದು, ದೊರೆ ಇದ್ದಾಗಿನದು ಎಂದು ಮೊದಲೇ ಹೇಳಿಬಿಡುತ್ತಿದ್ದೆ. ಆನೆ ಕಂಡ ಕೂಡಲೆ ಗಂಡಸರು ತಲೆಯ ಮೇಲಿನ ವಸ್ತ್ರ ತೆಗೆಯುತ್ತಿದ್ದರು, ಹೆಂಗಸರು ಕೈಮುಗಿದು ಅಳುತ್ತಿದ್ದರು. ಅರಕಲಗೂಡಿನಲ್ಲಿ ಒಬ್ಬಾಕೆ ತೆಂಗಿನಕಾಯಿ ತಂದು ಪರದೆಯ ಮುಂದೆ ಒಡೆದಳು. ಜನ ಈ ರೀಲಿಗಾಗಿಯೇ ಬರುತ್ತಿದ್ದರು, ಯುದ್ಧದ್ದನ್ನು ಅದರ ಜೊತೆ ನುಂಗುತ್ತಿದ್ದರು. ಚನ್ನರಾಯಪಟ್ಟಣದಲ್ಲಿ ಮಾತ್ರ ಕೆಲವು ಪೋಲಿಗಳು, ‘ಜೈಲ್ನಾಗವ್ರಲ್ಲ ಚಳವಳಿ ದೊಡ್ಡೋರು, ಅವ್ರ ಚಿತ್ರ ತೋರ್ಸಿ ಸಾ’ ಎಂದು ಕೂಗಿ ನನ್ನ ಬೆವರಿಳಿಸಿದ್ದರು.

ಹಾಸನದ ಹತ್ತಿರದ ದುದ್ದಕ್ಕೆ ಹೋದದ್ದು ಯುದ್ಧದ ನಡುವಿನ ಒಂದು ವರ್ಷ, ರಾಗಿ ಕುಯ್ಲು ಮುಗಿದ ಮೇಲೆ. ದೀಪ ಹಚ್ಚುವ ಹೊತ್ತಿಗೆ ಬಯಲು ತುಂಬಿತ್ತು. ಮಹಾರಾಜರ ರೀಲು ಮುಗಿಯಿತು. ಎರಡನೆಯದು ಈಜಿಪ್ಟಿನ ಕಡೆಯದು. ಮರಳು, ಲಾರಿಗಳು, ಲಾರಿಯ ನೆರಳಿನಲ್ಲಿ ಕೂತ ನಮ್ಮ ದೇಶದ ಸೈನಿಕರು. ‘ಮಹಾಜನರೇ, ಇದು ಹೋದ ವಾರದ ಚಿತ್ರ’ ಎಂದು ಮೈಕಿನಲ್ಲಿ ಗಟ್ಟಿಯಾಗಿ ಹೇಳಿದೆ. ಪರದೆಯ ಮೇಲೆ ಒಬ್ಬ ಹುಡುಗ ತಗಡಿನ ಲೋಟ ಎತ್ತಿ ನೀರು ಕುಡಿದು, ನಮ್ಮ ಕಡೆ ನೋಡಿ ನಕ್ಕ.

ಮುಂದಿನ ಸಾಲಿನಲ್ಲಿ ಒಬ್ಬ ಮುದುಕ ಎದ್ದು ನಿಂತ. ಕೂತ್ಕೋ ಕೂತ್ಕೋ ಎಂದು ಹಿಂದಿನವರು ಗದರಿದರು.

‘ನಿಲ್ಸೀ ಸಾ! ನಿಲ್ಸಿ! ನಮ್ ಐದ ಕಣ್ರಪ್ಪಾ! ನನ್ ಮಗ ಕಣ್ರೋ!’

ಬಯಲೆಲ್ಲ ಒಮ್ಮೆಗೇ ಗದ್ದಲವೆದ್ದಿತು. ಆಪರೇಟರು ರೀಲು ನಿಲ್ಲಿಸಿ, ಹಿಂದಕ್ಕೆ ಸುತ್ತಿ, ಮತ್ತೆ ಹಾಕಿದ. ಮತ್ತೊಂದು ಸಲ ಹಾಕಿದ. ಮುದುಕ ಪರದೆಯ ಹತ್ತಿರ ಹೋಗಿ ಲೋಟ ಹಿಡಿದ ಕೈಯನ್ನು ತೋರಿಸಿದ. ‘ಆ ಬೆಳ್ಳು ನೋಡಿ. ಅರ್ಧ ಇಲ್ಲ. ಆಲೆಮನೆ ಗಾಣಕ್ಕೆ ಸಿಕ್ಕಿದ್ದು ಕಣ್ರಪ್ಪ ಅದು.’ ನಾನೂ ನೋಡಿದೆ. ತೋರುಬೆರಳು ಅರ್ಧಕ್ಕೇ ನಿಂತಿತ್ತು. ಅದು ಅವನ ಮಗನೇ, ಅದರಲ್ಲಿ ಅನುಮಾನವಿಲ್ಲ.

ಮುದುಕ ನನ್ನ ಎರಡೂ ಕೈ ಹಿಡಿದುಕೊಂಡ. ‘ಎಲ್ಡ್ ತಿಂಗ್ಳ ಕೆಳ್ಗೆ ತಂತಿ ಬಂತು ಸಾ, ಐದ ಓಗ್ಬುಟ್ಟ ಅಂತ. ತಿಥಿ ಮಾಡಿ ಮುಗ್ಸುದ್ವಿ. ಸೊಸೆ ಕೈ ಬಳೆ ಒಡ್ಸುದ್ವಿ. ಈಗ್ ನೋಡುದ್ರೆ ನೀರ್ ಕುಡೀತಾವ್ನೆ. ಓದ ವಾರದ್ದು ಅಂದ್ರಲ್ಲ ಸಾ? ಓದ ವಾರದ್ದೇ ಅಲ್ವಾ?’

ಸುತ್ತ ಇಡೀ ದುದ್ದ ಹೋಬಳಿಯೇ ನಿಂತು ನನ್ನ ಬಾಯಿ ನೋಡುತ್ತಿತ್ತು. ‘ಹೌದು’ ಎಂದೆ. ಆಪರೇಟರು ಡಬ್ಬಿಯ ಚೀಟಿಯನ್ನು ಒಂದು ಸಲ ನೋಡಿ, ನನ್ನನ್ನೊಂದು ಸಲ ನೋಡಿ, ಡಬ್ಬಿ ಮುಚ್ಚಿದ. ಚಿತ್ರ ತೆಗೆದು ಏಳು ತಿಂಗಳಾಗಿತ್ತು.

ಮಾರನೆಯ ಬೆಳಿಗ್ಗೆ ಮುದುಕ ಗಾಡಿ ಕಟ್ಟಿಕೊಂಡು ಬಂದು ನಿಂತ. ಅವನ ಊರು ದುದ್ದದಿಂದ ಒಂದು ಮೈಲಿ. ನೀವೇ ಬಂದು ನಿಮ್ಮ ಬಾಯಿಂದ ನನ್ನ ಹೆಂಡತಿಗೆ ಒಂದು ಮಾತು ಹೇಳಬೇಕು ಎಂದು ಹಟ ಹಿಡಿದ. ದಾರಿಯುದ್ದಕ್ಕೂ ಮಗನ ಮಾತೇ. ಹೇಗೆ ಯಾರಿಗೂ ಹೇಳದೆ ಪಟ್ಟಾಳಕ್ಕೆ ಸೇರಿದ, ಕಾಗದದಲ್ಲಿ ಎತ್ತುಗಳ ಯೋಗಕ್ಷೇಮ ಮೊದಲು ಕೇಳಿ ಆಮೇಲೆ ಅಪ್ಪಅಮ್ಮನದು ಹೇಗೆ ಕೇಳುತ್ತಿದ್ದ ಎಂದೆಲ್ಲ. ನಾನು ಹೂಂಗುಟ್ಟುತ್ತ ಕೂತಿದ್ದೆ. ಗಾಡಿ ಇಳಿಯುವುದರೊಳಗೆ ನಿಜ ಹೇಳಿಬಿಡಬೇಕು ಎಂದು ಗಟ್ಟಿ ಮಾಡಿಕೊಂಡಿದ್ದೆ.

ಮನೆಯ ಮುಂದೆ ಸಾರಿಸಿ ರಂಗೋಲಿ ಹಾಕಿದ್ದರು. ಜಗುಲಿಯ ಮೇಲೆ ಬಳೆಗಾರ ಮಲಾರ ಬಿಚ್ಚಿಕೊಂಡು ಹಸಿರು ಬಳೆ ಆರಿಸುತ್ತ ಕೂತಿದ್ದ. ಮುದುಕನ ಹೆಂಡತಿ ಓಡಿಬಂದು ನನ್ನ ಕಾಲಿಗೇ ಬಿದ್ದಳು. ನನಗಿಂತ ಮೂವತ್ತು ವರ್ಷಕ್ಕೆ ದೊಡ್ಡ ಹೆಂಗಸು. ‘ನೀನು ನನ್ನಪ್ಪ, ನೀನು ನನ್ ಮನೆದೇವ್ರು’ ಎಂದು ನನ್ನ ಕೆನ್ನೆ ಸವರಿ ನೆಟಿಗೆ ಮುರಿದಳು. ಗಾಡಿಯಲ್ಲಿ ಕಟ್ಟಿಕೊಂಡಿದ್ದ ಧೈರ್ಯ ಅಲ್ಲಿಗೇ ಅರ್ಧ ಕರಗಿತು.

ಅಂಗಳದಲ್ಲಿ ಇನ್ನೊಂದು ಗಾಡಿ ನಿಂತಿತ್ತು. ಅದು ಸೊಸೆಯ ಅಣ್ಣನದು. ಅವನು ಅವತ್ತೇ ತಂಗಿಯನ್ನು ಕರೆದುಕೊಂಡು ಹೋಗಲು ಬಂದಿದ್ದ. ನಮ್ಮ ಕಡೆಯ ಎಷ್ಟೋ ಒಕ್ಕಲು ಮನೆಗಳಲ್ಲಿ ಗಂಡ ಸತ್ತ ಹೆಣ್ಣಿಗೆ ಕೂಡಿಕೆ ಮಾಡುವ ರೂಢಿಯುಂಟು. ವಾಲಗ, ಧಾರೆ ಯಾವುದೂ ಇಲ್ಲ, ಹಿರಿಯರ ಮುಂದೆ ಒಂದು ಸೀರೆ ಕೊಟ್ಟು ಇನ್ನೊಬ್ಬನಿಗೆ ಕೂಡಿಸಿಬಿಡುತ್ತಾರೆ. ಅಣ್ಣನ ಊರಿನಲ್ಲಿ ಹೆಂಡತಿ ಸತ್ತ ಒಬ್ಬ ಒಪ್ಪಿಕೊಂಡಿದ್ದನಂತೆ. ಹುಡುಗಿಗೆ ಹತ್ತೊಂಬತ್ತು. ಮಕ್ಕಳಿರಲಿಲ್ಲ. ಅತ್ತೆಮಾವನೂ ಒಪ್ಪಿ ಕಳಿಸಿಕೊಡಲು ಮನಸ್ಸು ಮಾಡಿದ್ದರು, ಹಿಂದಿನ ಸಂಜೆಯವರೆಗೆ.

ಆ ಅಣ್ಣ ತಿಳಿವಳಿಕಸ್ಥ. ನನ್ನ ಮುಂದೆಯೇ ಕೇಳಿದ. ‘ಸತ್ತೋದ್ ಮಾರಾಜ್ರೂ ಆನೆ ಮ್ಯಾಲೆ ಓಯ್ತಿದ್ರಂತಲ್ಲ ಮಾವ, ನಿಮ್ ಚಿತ್ರದಾಗೆ? ಇದೂ ಅಂಗೇ ಯಾಕಿರ್ಬಾರ್ದು?’

ಮುದುಕ ಥಟ್ಟನೆ ಹೇಳಿದ. ‘ಅದ್ನ ಅಳೇದು ಅಂತ ಇವ್ರೇ ಯೋಳುದ್ರು ಕಣಪ್ಪ. ಇದ್ನ ಓದ ವಾರದ್ದು ಅಂತ ಇವ್ರೇ ಯೋಳುದ್ರು. ಸುಳ್ಳು ಯೋಳೋರಾಗಿದ್ರೆ ಅದ್ನೂ ಓದ ವಾರದ್ದು ಅನ್ತಿರ್ಲಿಲ್ವಾ?’

ಒಂದು ನಿಜ ಹೇಳಿದ್ದಕ್ಕೆ ನನ್ನ ಸುಳ್ಳೂ ನಿಜವಾಗಿ ಕೂತಿತ್ತು.

ಆಗ ಸೊಸೆ ಬಾಗಿಲಿಂದ ಹೊರಗೆ ಬಂದಳು. ಹೊಸ ಗಂಡಸರ ಮುಂದೆ ಹಾಗೆ ಬಂದು ನಿಲ್ಲುವ ಪದ್ಧತಿ ಆ ಮನೆಗಳಲ್ಲಿಲ್ಲ. ಅತ್ತೆ ಕಣ್ಣಲ್ಲೇ ಗದರಿಸಿದಳು. ಅವಳು ಲೆಕ್ಕಿಸಲಿಲ್ಲ. ಬರಿಗೈ, ಬರಿಹಣೆ. ನೀರಿನ ತಂಬಿಗೆಯನ್ನು ನನ್ನ ಮುಂದೆ ಇಟ್ಟು, ನೆಟ್ಟಗೆ ನಿಂತು ಕೇಳಿದಳು.

‘ಸಾ, ನಂಗೊಂದ್ ಮಾತ್ ಯೋಳಿ. ಅದು ನಿಜ್ವಾಗ್ಲೂ ಓದ ವಾರದ್ದೇಯ? ನಮ್ಮಣ್ಣ ಗಾಡಿ ಕಟ್ಕಂಡ್ ಬಂದವ್ನೆ. ಅವ್ರು ಇದ್ರೆ ನಾನ್ ಇಲ್ಲೇ ಇರ್ತೀನಿ. ಇಲ್ದಿದ್ರೆ ಓಯ್ತೀನಿ. ಯಾವ್ದಾದ್ರೂ ಸರಿ, ಇದ್ದಿದ್ ಇದ್ದಂಗೆ ಯೋಳ್ಬುಡಿ.’

ಅವಳ ಬದುಕು ಆ ಗಳಿಗೆಯಲ್ಲಿ ನನ್ನ ನಾಲಿಗೆಯ ಮೇಲಿತ್ತು. ನನಗದು ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಈಗ ಹೇಳಿ ಪಾರಾಗುವುದಿಲ್ಲ. ಡಬ್ಬಿಯ ಚೀಟಿ ಕಣ್ಣ ಮುಂದೆ ಇತ್ತು. ಅತ್ತೆ ನನ್ನನ್ನೇ ನೋಡುತ್ತ ಬಾಯಿ ಅರ್ಧ ತೆರೆದು ನಿಂತಿದ್ದಳು. ಬಳೆಗಾರ ಬಳೆ ಹಿಡಿದುಕೊಂಡು ಕಾಯುತ್ತಿದ್ದ. ನಿಜ ಹೇಳಿದರೆ ಹಿಂದಿನ ದಿನ ಇಡೀ ಹೋಬಳಿಯ ಮುಂದೆ ಸುಳ್ಳು ಹೇಳಿದವನಾಗುತ್ತೇನೆ, ಅಧಿಕಾರಿಯ ಕಿವಿಗೆ ಬೀಳುತ್ತದೆ, ಕೆಲಸ ಹೋಗುತ್ತದೆ, ಮತ್ತೆ ಅಪ್ಪನ ಮುಂದೆ ಬೆಲ್ಲದ ಅಂಗಡಿ. ಇವೆಲ್ಲ ತಲೆಯಲ್ಲಿ ಸುಳಿದವು. ಆ ಮುದುಕಿಯ ಮೇಲಿನ ಕನಿಕರವೂ ಇತ್ತು, ಆದರೆ ಅದನ್ನೇ ದೊಡ್ಡದು ಮಾಡಿ ಹೇಳಲಾರೆ. ಹೆಚ್ಚಿನ ಪಾಲು ಹೇಡಿತನವೇ.

‘ಹೋದ ವಾರದ್ದೇ ತಾಯಿ’ ಎಂದೆ. ತಂಬಿಗೆಯನ್ನು ನೋಡುತ್ತ ಹೇಳಿದೆ.

ಅವಳು ಜಗುಲಿಯ ಹತ್ತಿರ ಹೋಗಿ ಕುಕ್ಕರುಗಾಲಿನಲ್ಲಿ ಕೂತು ಬಳೆಗಾರನ ಮುಂದೆ ಕೈ ನೀಡಿದಳು. ಅಣ್ಣ ಎತ್ತುಗಳನ್ನು ನೊಗಕ್ಕೆ ಹೂಡಿದ. ಅತ್ತೆ ಸೊಸೆಯ ಹಣೆಗೆ ಕುಂಕುಮ ಇಟ್ಟು, ಒಳಗಿಂದ ತಾಳಿ ತಂದು ಮತ್ತೆ ಕೊರಳಿಗೆ ಹಾಕಿದಳು. ನನಗೆ ಪಾಯಸ ಬಡಿಸಿದರು. ನಾನು ಉಂಡೆ. ಎರಡನೆಯ ಸಲವೂ ಹಾಕಿಸಿಕೊಂಡೆ, ಬೇಡ ಎಂದರೆ ಅನುಮಾನ ಬಂದೀತೆಂದು.

ಆಮೇಲಿನ ದಿನಗಳಲ್ಲಿ ಮುದುಕ ನಮ್ಮ ವ್ಯಾನಿನ ಬೆನ್ನು ಹತ್ತಿದ. ಸಾಲಗಾಮೆಯಲ್ಲಿ ಚಿತ್ರ ಹಾಕಿದರೆ ಅಲ್ಲಿ ಮೊದಲ ಸಾಲಿನಲ್ಲಿ ಅವನು. ಚನ್ನರಾಯಪಟ್ಟಣಕ್ಕೂ ಬಂದ. ಅರಕಲಗೂಡಿಗೆ ಎರಡು ದಿನ ನಡೆದು ಬಂದಿದ್ದ, ಬುತ್ತಿಯ ಗಂಟು ಸಮೇತ. ಆ ರೀಲು ಅಷ್ಟರಲ್ಲಿ ಬೇರೆ ಜಿಲ್ಲೆಗೆ ಹೋಗಿತ್ತು. ಪ್ರತಿ ಸಲವೂ ಚಿತ್ರ ಮುಗಿದ ಮೇಲೆ ಹತ್ತಿರ ಬಂದು, ‘ಇವತ್ತು ಬರ್ಲಿಲ್ಲ ಕಣ್ ಸಾ ಐದ, ಬ್ಯಾರೆ ಕಡೆ ಆಕಿರ್ಬೇಕು ಅವ್ನ’ ಎಂದು ತಾನೇ ಸಮಾಧಾನ ಹೇಳಿಕೊಂಡು ಹೋಗುತ್ತಿದ್ದ. ನಾನು ಪ್ರತಿ ಸಲವೂ ಇವತ್ತು ಹೇಳಿಬಿಡುತ್ತೇನೆ ಎಂದುಕೊಂಡು ಹೇಳದೆ ಉಳಿದೆ. ಒಂದು ಕಾಗದ ಬರೆದೆ. ಅಂಚೆಯವನೇ ಓದಿ ಹೇಳಬೇಕಾದೀತು, ಊರಿಗೆಲ್ಲ ಗೊತ್ತಾದೀತು ಎಂದು ಹರಿದೆ. ಆಪರೇಟರು ಒಂದೇ ಒಂದು ಸಲ ಬಾಯಿಬಿಟ್ಟ. ‘ಅವರು ನಿಮ್ಮನ್ನ ನಂಬಿದ್ದು ತಪ್ಪಾಯ್ತು ನೋಡಿ’ ಎಂದ. ನಾನು ಅವನ ಮೇಲೆ ಹರಿಹಾಯ್ದೆ, ಎರಡು ದಿನ ಮಾತು ಬಿಟ್ಟೆ.

ಮುದುಕ ಹೊಳೆನರಸೀಪುರದ ಪ್ರದರ್ಶನಕ್ಕೆ ಬರಲಿಲ್ಲ. ಮಳೆಗಾಲದ ಚಳಿಜ್ವರದಲ್ಲಿ ತೀರಿಕೊಂಡನೆಂದು ದುದ್ದದ ಕಡೆಯವರು ಯಾರೋ ಹೇಳಿದರು. ಯುದ್ಧ ಮುಗಿಯಿತು. ಪಟ್ಟಾಳದಿಂದ ಹುಡುಗರು ಒಬ್ಬೊಬ್ಬರಾಗಿ ರೈಲಿಳಿದು ಊರು ಸೇರಿದರು. ವ್ಯಾನು ನಿಂತಿತು, ನಾನೂ ಅಂಗಡಿಗೆ ಬಂದೆ. ಆ ಮುದುಕನ ಮಗ ಸತ್ತ ಸುದ್ದಿಯನ್ನು ಇನ್ನೊಂದು ಸಲ ಯಾರೂ ಕಳಿಸುವಂತಿರಲಿಲ್ಲ. ಒಂದು ಸಲ ಬಂದಾಗಿತ್ತು, ಅದನ್ನು ನಾನು ಅಳಿಸಿದ್ದೆ.

ಕಡೆಗೂ ನಾನು ಆ ಮನೆಗೆ ಹೋದದ್ದು ನಲವತ್ತರ ದಶಕ ಮುಗಿಯುತ್ತ ಬಂದಾಗ. ನಮ್ಮಪ್ಪ ಸತ್ತು ಒಂದು ತಿಂಗಳಾಗಿತ್ತು. ನನಗೆ ಇನ್ನು ಹೆದರಬೇಕಾದವರು ಯಾರೂ ಉಳಿದಿರಲಿಲ್ಲ, ಆಗ ನನಗೆ ಸತ್ಯ ಹೇಳುವ ಧೈರ್ಯ ಬಂತು. ನಾಚಿಕೆಗೇಡು, ಆದರೆ ಆದದ್ದು ಹಾಗೆ.

ಮಧ್ಯಾಹ್ನ. ಅವಳು ಅಂಗಳದಲ್ಲಿ ಮೊರ ಹಿಡಿದು ರಾಗಿ ಕೇರುತ್ತಿದ್ದಳು. ಕೈತುಂಬ ಹಸಿರು ಬಳೆ. ಇಪ್ಪತ್ತಾರು ದಾಟಿರಲಾರದು, ಮುಖ ಮಾತ್ರ ನಲವತ್ತರದು. ಗುರುತು ಹಿಡಿದಳು. ಕೂರಿ ಎನ್ನಲಿಲ್ಲ. ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಡಬ್ಬಿಯ ಚೀಟಿ, ಏಳು ತಿಂಗಳು, ಅಧಿಕಾರಿ, ನನ್ನ ಹೆದರಿಕೆ, ಎಲ್ಲ. ತಪ್ಪಾಯಿತು ತಾಯಿ ಎಂದು ಕೈಮುಗಿದೆ. ಅವಳು ಮೊರ ಆಡಿಸುವುದನ್ನು ನಿಲ್ಲಿಸಲಿಲ್ಲ.

‘ಗೊತ್ತಿತ್ತು’ ಎಂದಳು.

‘ಯಾವಾಗ?’

‘ಅವತ್ತೇಯ. ನೀವು ನನ್ ಮಕ ನೋಡಿ ಯೋಳ್ಲಿಲ್ಲ. ತಂಬ್ಗೆ ನೋಡ್ಕಂಡ್ ಯೋಳುದ್ರಿ.’

ಹಾಗಾದರೆ ಅಣ್ಣನ ಜೊತೆ ಯಾಕೆ ಹೋಗಲಿಲ್ಲ ಎಂದು ಕೇಳಿದೆ.

‘ಏಂಗೋಗ್ಲಿ? ಗಂಡ ಬದ್ಕವ್ನೆ ಅಂತ ನೀವು ನಾಲ್ಕ್ ಜನದ್ ಮುಂದೆ ಯೋಳಿದ್ ಮ್ಯಾಲೆ, ನಂಗ್ ಯಾರ್ ಕೂಡಿಕೆ ಮಾಡ್ತಾರೆ? ಗಂಡ ಇದ್ದಂಗೇ ಓಡೋದ್ಳು ಅಂತಿದ್ರು. ನಮ್ಮಣ್ಣ ನೋಡಿದ್ದೋರು ಬ್ಯಾರೆಯೋಳ್ನ ಮಾಡ್ಕಂಡ್ರು. ಈಗ ಅವ್ರಿಗೆ ಎಲ್ಡ್ ಮಕ್ಳು.’

ಸಿಟ್ಟಿನಲ್ಲಿ ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಪಕ್ಕದ ಮನೆಯವರ ಸಮಾಚಾರ ಹೇಳುವ ಹಾಗೆ ಹೇಳಿ, ಕಲ್ಲು ಆರಿಸಿ ಎಸೆದಳು. ಈಗಲಾದರೂ ನಿಮ್ಮತ್ತೆಗೆ ನಾನೇ ಹೇಳುತ್ತೇನೆ, ಈ ಊರಿನವರ ಮುಂದೆ ಹೇಳುತ್ತೇನೆ ಎಂದೆ. ಆಗ ಮೊದಲ ಸಲ ಅವಳು ಮೊರ ಕೆಳಗಿಟ್ಟು ನನ್ನನ್ನು ನೋಡಿದಳು.

ಅಷ್ಟರಲ್ಲಿ ಒಳಗಿಂದ ಮುದುಕಿಯ ದನಿ ಬಂತು. ಕಣ್ಣು ಹೋಗಿ ಹಾಸಿಗೆ ಹಿಡಿದಿದ್ದಳಂತೆ, ಕಿವಿ ಚುರುಕಾಗಿತ್ತು. ‘ಯಾರಮ್ಮೀ ಅದು? ಚಿತ್ರದೋರ್ ದನಿ ಇದ್ದಂಗದೆ? ನನ್ ಮಗುನ್ ನೋಡ್ಬುಟ್ ಬಂದ್ರಂತಾ?’

ಸೊಸೆ ಬಾಗಿಲ ಕಡೆ ನೋಡಿದಳು. ‘ಮೂರ್ ದಿನ ಆಯ್ತು ಉಂಡು. ಮಗ ಬರ್ಲಿ ಉಣ್ತೀನಿ ಅಂತ ಅಟ. ಇಷ್ಟ್ ದಿನ ನಾನೇ ಏನಾರ ಒಂದ್ ಸುಳ್ಳೇಳಿ ತಿನ್ನುಸ್ತಿದ್ದೆ. ನನ್ ಮಾತು ಈಗ ನಂಬಾಕಿಲ್ಲ’ ಎಂದಳು. ಆಮೇಲೆ ಮೊರ ಎತ್ತಿಕೊಳ್ಳುತ್ತ ಹೇಳಿದಳು. ‘ಒಳೀಕ್ ಓಗಿ. ಮಗುನ್ ನೋಡ್ದೆ ಅಂತ ಯೋಳಿ. ನಿಮ್ಗೆ ಅಭ್ಯಾಸ ಐತಲ್ಲ.’

ನಾನು ಬಾಗಿಲು ದಾಟಿ ಒಳಗೆ ಹೋದೆ. ಮುದುಕಿಯ ಹಾಸಿಗೆಯ ಪಕ್ಕ ಕೂತೆ. ನಿಮ್ಮ ಮಗ ಚೆನ್ನಾಗಿದ್ದಾನೆ, ಸ್ವಲ್ಪ ದಪ್ಪಗಾಗಿದ್ದಾನೆ ಎಂದೆ. ಅವಳು ನನ್ನ ಕೈಯನ್ನು ತಡಕಿ ಹಿಡಿದುಕೊಂಡು ಇನ್ನೂ ಹೇಳು ಎಂದಳು. ಹೇಳುತ್ತ ಹೋದೆ. ಸೊಸೆ ಮುದ್ದೆಯ ತಟ್ಟೆ ತಂದು ನಮ್ಮಿಬ್ಬರ ನಡುವೆ ಇಟ್ಟು, ನಾನು ಮಾತು ನಿಲ್ಲಿಸದ ಹಾಗೆ ನೋಡಿಕೊಳ್ಳುತ್ತ, ಒಂದೊಂದೇ ತುತ್ತು ಮುರಿದು ಮುದುಕಿಯ ಬಾಯಿಗೆ ಇಟ್ಟಳು.